ಬಯಲು, ಭವನ ಮತ್ತು ಪ್ರೇಕ್ಷಕ: ರವೀಂದ್ರ ಕಲಾಕ್ಷೇತ್ರವನ್ನು ಕುರಿತ ಒಂದು ವಿವೇಚನೆ

ಕನ್ನಡ ರಂಗಭೂಮಿಯ ಚರಿತ್ರೆಯನ್ನು ನಾಟಕಕಾರರ, ನಿರ್ದೇಶಕರ ಹಾಗೂ ನಟರ ಚರಿತ್ರೆಯಾಗಿ ಬರೆಯುವ ರೂಢಿ ಬಲವಾಗಿ ಬೇರೂರಿದೆ. ನೋಡಲು ಬಂದವರು ಎಲ್ಲಿ ಕುಳಿತರು, ಎಷ್ಟು ಹೊತ್ತು ಕುಳಿತರು, ಆಟದ ನಡುವೆ ಅವರಿಗೆ ಯಾವ ಹಕ್ಕಿತ್ತು ಎಂಬ ಪ್ರಶ್ನೆಗಳು ಅದರ ಅಂಚಿನಲ್ಲಿಯೇ ಉಳಿದಿವೆ. ಜನಪದ ರಂಗಪ್ರಕಾರಗಳು ನಗರದ ರಂಗಮಂದಿರವನ್ನು ಪ್ರವೇಶಿಸಿದಾಗ ಸಂಭವಿಸಿದ ಪಲ್ಲಟವನ್ನು ಅರಿಯಲು ಈ ಪ್ರಶ್ನೆಗಳೇ ಮುಖ್ಯವಾದವು.

ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗಾಗಿ ನಿರ್ಮಾಣಗೊಂಡು 1963ರಲ್ಲಿ ತೆರೆದ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರವು ಇದಕ್ಕೆ ತಕ್ಕ ನಿದರ್ಶನ. ಮುಖ್ಯ ಭವನದಲ್ಲಿ ಚೌಕಟ್ಟಿನ ವೇದಿಕೆ, ಅದಕ್ಕೆ ಅಭಿಮುಖವಾದ ಸಾಲು ಆಸನಗಳು, ಕತ್ತಲಲ್ಲಿ ಮೌನವಾಗಿ ಕುಳಿತ ಪ್ರೇಕ್ಷಕರು. ಹಿಂಭಾಗದಲ್ಲಿ ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರ. ಒಂದೇ ಆವರಣದೊಳಗೆ ಎರಡು ನೋಟಕ್ರಮಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತಿರುವುದು ಗಮನಾರ್ಹ.

ದೊಡ್ಡಾಟದಲ್ಲಿ ಪಾತ್ರವು ತೆರೆಯ ಮರೆಯಿಂದ ಹೊರಬಂದೊಡನೆ ಸಾರಥಿಯು ಅದರ ಹೆಸರು, ನೆಲೆಗಳನ್ನು ವಿಚಾರಿಸುತ್ತಾನೆ. ಈ ಪ್ರಶ್ನೆ ಕೇವಲ ತಂತ್ರವಲ್ಲ. ಅದು ನೆರೆದ ಜನರ ಪರವಾಗಿ ಕೇಳಿದ್ದು. ವೇಷಧಾರಿ ಅವರ ನಡುವಿನ ರೈತನೇ. ಆಟದ ನಡುವೆ ಆಯೇರಿ ಸಲ್ಲುತ್ತದೆ, ಕೊಟ್ಟವರ ಹೆಸರನ್ನು ಸಾರಲಾಗುತ್ತದೆ. ಬೆಳಗಿನ ಮಂಗಳದವರೆಗೆ ಪ್ರೇಕ್ಷಕ ಆಟದ ಪಾಲುದಾರ. ಇದೇ ಆಟವನ್ನು ಉತ್ಸವದ ವೇದಿಕೆಗಾಗಿ ಅರ್ಧ ಗಂಟೆಗೆ ಇಳಿಸಿದಾಗ ಒಡ್ಡೋಲಗದ ಕುಣಿತ, ಕಿರೀಟ, ಭುಜಕೀರ್ತಿಗಳು ಉಳಿಯುತ್ತವೆ; ಪಾಲುದಾರಿಕೆ ಅಳಿಯುತ್ತದೆ. ಕಲಾವಿದ ತನ್ನ ಕಲೆಯ ಮಾದರಿಯನ್ನಷ್ಟೇ ತೋರಿಸಿ ಮರಳುತ್ತಾನೆ.

ಹಾಗೆಂದು ಬಯಲನ್ನು ಆದರ್ಶೀಕರಿಸುವುದು ಸಲ್ಲದು. ಹಳ್ಳಿಯ ಬಯಲಿನಲ್ಲಿಯೂ ಜಾತಿ, ಲಿಂಗಗಳ ಅಂತರ ಕುಳಿತ ಜಾಗದಲ್ಲಿ ಕಾಣುತ್ತಿತ್ತು. ಟಿಕೆಟ್ಟಿನ ಆಸನವು ಹಣದ ತಾರತಮ್ಯವನ್ನು ತಂದರೂ, ಆ ಹಳೆಯ ಅಂತರವನ್ನು ಕೆಲಮಟ್ಟಿಗಾದರೂ ಸಡಿಲಿಸಿತು. ಆದ್ದರಿಂದ ಭವನವೇ ದೋಷವೆನ್ನುವ ವಾದ ನಿಲ್ಲದು.

1972ರಲ್ಲಿ ಬಿ.ವಿ. ಕಾರಂತರು ಕಲಾಕ್ಷೇತ್ರದ ಬಯಲಿನಲ್ಲಿ ಪ್ರಯೋಗಿಸಿದ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರನ ಆಚರಣೆಯನ್ನು ಆ ನಾಟಕ ಪ್ರದರ್ಶನಕ್ಕಿಡಲಿಲ್ಲ. ಫಲವಂತಿಕೆಯ ಆ ನಂಬಿಕೆಯೊಳಗಿಂದಲೇ ಉಳುವವನಿಗೆ ಭೂಮಿಯ ಮೇಲಿರುವ ಹಕ್ಕಿನ ಪ್ರಶ್ನೆಯನ್ನು ಎತ್ತಿತು; ಸೂತ್ರಧಾರ, ಮೇಳಗಳ ಸವಾಲು ಜವಾಬಿನ ಮೂಲಕ ನಗರದ ಪ್ರೇಕ್ಷಕರನ್ನೂ ಆ ವಾಗ್ವಾದಕ್ಕೆ ಎಳೆದುಕೊಂಡಿತು. ರೂಪವನ್ನು ಸಾಗಿಸುವುದಕ್ಕೂ ಸಂಬಂಧವನ್ನು ಮರುಕಟ್ಟುವುದಕ್ಕೂ ಇರುವ ವ್ಯತ್ಯಾಸ ಇದೇ.

ಜಾನಪದ ದಾಖಲೀಕರಣವು ಇಂದಿಗೂ ಬಹುಮಟ್ಟಿಗೆ ಕ್ಯಾಮೆರಾವನ್ನು ವೇದಿಕೆಯತ್ತ ಮಾತ್ರ ತಿರುಗಿಸುತ್ತದೆ. ಪಠ್ಯ, ಮಟ್ಟು, ವೇಷಭೂಷಣಗಳು ಸಂಗ್ರಹವಾಗುತ್ತವೆ. ಕೇಳಿದವರ ನಗು, ತಕರಾರು, ಆಯೇರಿಗಳು ಲೆಕ್ಕಕ್ಕೆ ಬರುವುದಿಲ್ಲ. ಇಂಥ ಸಂಗ್ರಹವನ್ನೇ ನಂಬಿ ಮುಂದಿನ ತಲೆಮಾರು ಬಯಲಾಟವನ್ನು ಪುನರ್ರಚಿಸಹೊರಟರೆ ಅದಕ್ಕೆ ವೇಷ ದೊರೆತೀತು, ಆಟ ದೊರೆಯದು. ರಂಗಮಂದಿರದ ಅಧ್ಯಯನವು ಆಸನಗಳ ಕಡೆಯಿಂದಲೂ ಆರಂಭವಾಗಬೇಕಾದುದು ಈ ಕಾರಣಕ್ಕಾಗಿ.