ಪಂಪನ ತಿರುಳುಗನ್ನಡವೂ ಬಾಲ್ಯವಾಸವೂ

ಪಂಪಮಹಾಕವಿಯು ಯಾವ ನಾಡಿನವನೆಂಬ ಪ್ರಶ್ನೆಗೆ ಪಾಠಶಾಲೆಗಳಲ್ಲಿ ‘ವೆಂಗಿಯವನು’ ಎಂಬ ಒಂದೇ ಮಾತಿನ ಉತ್ತರವು ರೂಢಿಯಾಗಿರುವುದು. ಈ ಉತ್ತರವು ಸುಳ್ಳಲ್ಲ. ಆದರೆ ಇದು ವಂಶವನ್ನು ತಿಳಿಸುವುದೇ ಹೊರತು ಕವಿಯನ್ನು ತಿಳಿಸುವುದಿಲ್ಲ. ವಂಶದ ನಾಡೊಂದು, ಆಶ್ರಯದ ನಾಡೊಂದು, ನುಡಿಯ ನಾಡೊಂದು ಆಗಿರುವಾಗ, ಈ ಮೂರರಲ್ಲಿ ಯಾವುದು ಕವಿಯ ಸ್ವತ್ವವನ್ನು ರೂಪಿಸಿತೆಂಬುದು ವಿಚಾರಣೀಯವಾಗಿದೆ.

ಮೊದಲು ಪ್ರಮಾಣಗಳನ್ನು ನೋಡಬೇಕು. ಪಂಪನು ಕ್ರಿ. ಶ. 902ರಲ್ಲಿ ಜನಿಸಿದನು, ‘ಆದಿಪುರಾಣ’ವು 941ರಲ್ಲಿ ಮುಗಿಯಿತು. ‘ವಿಕ್ರಮಾರ್ಜುನವಿಜಯ’ದ ಕೊನೆಯಲ್ಲಿ ಕವಿಯೇ ತನ್ನ ವಂಶವನ್ನು ವೆಂಗಿಮಂಡಲದ ಅಗ್ರಹಾರಗಳಿಂದ ಆರಂಭಿಸಿ ಹೇಳಿಕೊಂಡಿರುವನು. ಬ್ರಾಹ್ಮಣಕುಲದಲ್ಲಿ ಹುಟ್ಟಿದ ತಂದೆಯು ಜಿನಧರ್ಮವನ್ನು ಸ್ವೀಕರಿಸಿದವನು. ಆಶ್ರಯದಾತನಾದ ಎರಡನೆಯ ಅರಿಕೇಸರಿಯು ವೇಮುಲವಾಡದ ಚಾಲುಕ್ಯನು. ತಮ್ಮನಾದ ಜಿನವಲ್ಲಭನು ಇಂದಿನ ತೆಲಂಗಾಣದ ಕುರಿಕ್ಯಾಲದ ಬಳಿಯ ಬಂಡೆಯಲ್ಲಿ ಬರೆಯಿಸಿದ ಶಾಸನವು ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿರುವುದು. ಇದರಿಂದ ತಿಳಿದುಬರುವ ಮುಖ್ಯವಾದ ಸಂಗತಿಯೆಂದರೆ, ಈ ಸಹೋದರರ ತಾಯಿಯಾದ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಜನ್ಮಸ್ಥಳವನ್ನು ಮಾತ್ರ ಕಾವ್ಯವೂ ಹೇಳದು, ಶಾಸನವೂ ಹೇಳದು.

ಈ ಮೌನವನ್ನು ತುಂಬಲು ವಿಮರ್ಶಕರು ಬಹುಕಾಲದಿಂದ ಬನವಾಸಿಯನ್ನು ಆಶ್ರಯಿಸಿದ್ದಾರೆ. ಅರ್ಜುನನ ತೀರ್ಥಯಾತ್ರೆಯ ಸಂದರ್ಭದಲ್ಲಿ ಬರುವ ಬನವಾಸಿಯ ವರ್ಣನೆಯಲ್ಲಿ ಅಷ್ಟೊಂದು ಹಂಬಲವಿರುವುದರಿಂದ, ಕವಿಯು ಬಾಲ್ಯವನ್ನು ಅಲ್ಲಿಯೇ ಕಳೆದಿರಬೇಕೆಂಬುದು ಅವರ ಊಹೆ. ಆ ಪದ್ಯಗಳ ರಸವು ನಿರ್ವಿವಾದವಾದುದು. ಆದರೆ ಹಂಬಲವು ಬಾಲ್ಯಕ್ಕೆ ಮಾತ್ರ ಸಾಕ್ಷಿಯಾಗಲಾರದು. ಪ್ರೌಢವಯಸ್ಸಿನಲ್ಲಿ ಒಂದು ನಾಡನ್ನು ಕಂಡು ಮನಸೋತವನೂ ಅದನ್ನು ಮತ್ತೆ ಮತ್ತೆ ನೆನೆಯಬಹುದು. ನಾಡಿನ ಚೆಲುವನ್ನು ಕಣ್ಣು ಯಾವಾಗ ಬೇಕಾದರೂ ಕಲಿಯುತ್ತದೆ. ನುಡಿಯ ತಿರುಳನ್ನು ಕಿವಿಯು ಎಳವೆಯಲ್ಲಿಯೇ ಕಲಿಯಬೇಕು.

ಆದುದರಿಂದ ಕವಿಯು ತನ್ನ ನುಡಿಯ ವಿಷಯದಲ್ಲಿ ಏನು ಹೇಳುವನೆಂಬುದು ಹೆಚ್ಚು ಮುಖ್ಯವಾಗುತ್ತದೆ. ತನ್ನ ಭಾರತವು ಪುಲಿಗೆರೆಯ ಸಹಜವಾದ ತಿರುಳುಗನ್ನಡದಲ್ಲಿ ಹುಟ್ಟಿತೆಂದು ಅವನು ಹೇಳಿಕೊಂಡಿರುವನು. ಪುಲಿಗೆರೆಯು ಇಂದಿನ ಗದಗ ಜಿಲ್ಲೆಯಲ್ಲಿ ಶಿರಹಟ್ಟಿಯ ನೆರೆಯಲ್ಲಿರುವ ಲಕ್ಷ್ಮೇಶ್ವರ. ಶಂಖಬಸದಿಯಿಂದ ಪ್ರಸಿದ್ಧವಾದ ಜೈನಕೇಂದ್ರ. ತಾಯಿಯ ತವರಾದ ಅಣ್ಣಿಗೇರಿಯು ಗದಗಕ್ಕೂ ಹುಬ್ಬಳ್ಳಿಗೂ ನಡುವೆ ಇರುವುದು. ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂಬ ಈ ಎರಡು ನಾಡುಗಳು ಒಂದಕ್ಕೊಂದು ಅಂಟಿಕೊಂಡಿದ್ದು, ಶಾಸನಗಳಲ್ಲಿ ಅನೇಕ ಕಡೆ ಜೋಡಿಯಾಗಿಯೇ ಹೇಳಲ್ಪಟ್ಟಿವೆ.

ಇಲ್ಲಿ ಬಲವಾದ ಪೂರ್ವಪಕ್ಷವೊಂದುಂಟು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನೇ ತಿರುಳುಗನ್ನಡದ ನಾಡೆಂದು ಆಗಲೇ ಸಾರಿತ್ತು. ಹೀಗಿರಲು ಪುಲಿಗೆರೆಯ ಹೆಸರೆತ್ತುವುದು ಒಂದು ಕವಿಸಮಯದಂತಾಗಿ, ವೆಂಗಿಯಲ್ಲಿ ಬೆಳೆದವನೂ ಓದಿನ ಬಲದಿಂದ ಹಾಗೆ ಹೇಳಿಕೊಳ್ಳಬಹುದಲ್ಲವೇ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ‘ಸಹಜ’ವೆಂಬ ವಿಶೇಷಣವು ಕನ್ನಡಕ್ಕೆ ಸಲ್ಲುವುದೇ ಹೊರತು ಕವಿಗೆ ಸಲ್ಲದೆಂದೂ ವಾದಿಸಬಹುದು.

ಆದರೆ ಕಾವ್ಯವೇ ಇದಕ್ಕೆ ಸಮಾಧಾನವನ್ನು ಕೊಡುತ್ತದೆ. ಗ್ರಂಥಗಳಿಂದ ಕಲಿತ ಭಾಷೆಯು ವರ್ಣನೆಗಳಲ್ಲಿ ಮೆರೆಯುವುದು. ಸಿಟ್ಟಿನಲ್ಲಿಯೂ ಅಳಲಿನಲ್ಲಿಯೂ ಅದು ತೊದಲುವುದು. ಪಂಪನ ವಿಷಯದಲ್ಲಿ ಹಾಗಾಗಿಲ್ಲ. ಭೀಷ್ಮನಿಗೆ ಸೇನಾಪತಿಪಟ್ಟವು ಸಲ್ಲುವಾಗ ಕರ್ಣನಾಡುವ ಕಟುನುಡಿಗಳನ್ನು ಪರೀಕ್ಷಿಸಿದರೆ, ದೇಶಿಯು ಮಾರ್ಗದ ಸಮಾಸಗಳನ್ನು ಪಕ್ಕಕ್ಕೆ ಸರಿಸಿ ತಾನೇ ಮುಂದೆ ಬರುವುದು ಕಾಣುತ್ತದೆ. ಮನಸ್ಸು ಕದಡಿದಾಗ ಬಾಯಿಗೆ ಬರುವ ನುಡಿಯು ಎಳವೆಯಲ್ಲಿ ಕಿವಿಗೆ ಬಿದ್ದ ನುಡಿಯೇ ಆಗಿರುತ್ತದೆ. ಇದಕ್ಕೆ ತಾಯಿಯ ತವರಿನ ಸಾಕ್ಷ್ಯವನ್ನು ಕೂಡಿಸಿದರೆ, ವೆಂಗಿಯ ಮನೆತನದ ಈ ಬಾಲಕನು ಎರಡು ಮುನ್ನೂರುಗಳ ನಾಡಿನಲ್ಲಿ ಬೆಳೆದು ಬಳಿಕ ವೇಮುಲವಾಡಕ್ಕೆ ಹೋದನೆಂಬ ಊಹೆಯು ಬನವಾಸಿಯ ಊಹೆಗಿಂತ ಗಟ್ಟಿಯಾದುದೆಂದು ಹೇಳಬೇಕಾಗುತ್ತದೆ. ಇದು ಅನುಮಾನಪ್ರಮಾಣವೇ ಹೊರತು ಪ್ರತ್ಯಕ್ಷವಲ್ಲವೆಂಬುದನ್ನು ಮರೆಯಲಾಗದು.

ಹಾಗಾದರೆ ಕವಿಯ ಸ್ವತ್ವವೆಲ್ಲವೂ ತಾಯಿಯ ಮಾತಿನಿಂದಲೇ ಬಂದಿತೆಂದು ನಿಯಮ ಮಾಡಬಹುದೇ? ಅದೂ ಅತಿವ್ಯಾಪ್ತಿಯಾದೀತು. 1896ರಲ್ಲಿ ಧಾರವಾಡದಲ್ಲಿ ಹುಟ್ಟಿದ ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ‘ಅಂಬಿಕಾತನಯದತ್ತ’ರೆಂದು ತಾಯಿಯ ಹೆಸರನ್ನೇ ಕಾವ್ಯನಾಮದಲ್ಲಿ ಧರಿಸಿದರೂ ಅವರು ಹಾಡಿದ್ದು ಧಾರವಾಡದ ಓಣಿಯ ಕನ್ನಡದಲ್ಲಿ. ಪಂಪನಲ್ಲಿ ತಾಯಿಯ ನುಡಿಯೂ ಊರಿನ ನುಡಿಯೂ ಒಂದಾಗಿದ್ದವು, ಬೇಂದ್ರೆಯವರಲ್ಲಿ ಬೇರೆಯಾಗಿದ್ದವು. ಎರಡೆಡೆಯಲ್ಲಿಯೂ ಸಮಾನವಾದುದು ಒಂದೇ: ಬಾಲ್ಯದಲ್ಲಿ ಕಿವಿಯ ಸುತ್ತಲಿದ್ದ ಊರು.

ಇದರಿಂದ ವಂಶದ ನೆನಪು ಅಳಿಯಬೇಕೆಂದು ಅರ್ಥವಲ್ಲ. ಪಂಪನು ವೆಂಗಿಯ ಹಿರಿಯರನ್ನು ಹೆಸರಿಸಿ ಗೌರವಿಸಿದನು. ಪುಲಿಗೆರೆಯ ನುಡಿಯಲ್ಲಿ ಗೌರವಿಸಿದನು. ಜಿನವಲ್ಲಭನು ಮೂರು ಭಾಷೆಗಳನ್ನು ಒಂದೇ ಬಂಡೆಯ ಮೇಲೆ ಕೂಡಿಸಿದನು. ಊರು ಬಿಟ್ಟು ಬಂದ ಮನೆತನದವರು ಹಳೆಯದನ್ನು ಕಳೆದುಕೊಂಡೇ ಹೊಸದನ್ನು ಪಡೆಯಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಈ ಸಹೋದರರೇ ನಿದರ್ಶನ.

ಸಾಹಿತ್ಯೋಪಾಧ್ಯಾಯರಿಗೆ ಈ ವಿಚಾರವು ಕೇವಲ ಚರಿತ್ರೆಯದಲ್ಲ. ಗದಗ-ಬೆಟಗೇರಿಯ ಅಥವಾ ಲಕ್ಷ್ಮೇಶ್ವರದ ಶಾಲೆಯಲ್ಲಿ, ಬೇರೆ ನಾಡಿನಿಂದ ಎಳವೆಯಲ್ಲಿಯೇ ಬಂದ ಹುಡುಗನನ್ನು ‘ನಿನ್ನ ಮೂಲ ಊರು ಯಾವುದು?’ ಎಂದು ಕೇಳಿ, ಆ ಉತ್ತರದಿಂದಲೇ ಅವನ ಕನ್ನಡವನ್ನು ಅಳೆಯುವುದುಂಟು. ಅದೇ ಅಳತೆಗೋಲನ್ನು ಹಿಡಿದರೆ ಆದಿಕವಿಯೇ ಹೊರಗಿನವನಾಗುವನು. ಆದಕಾರಣ ಪಂಪನ ಪಾಠವನ್ನು ‘ವೆಂಗಿಯವನು’ ಎಂಬಲ್ಲಿಗೆ ನಿಲ್ಲಿಸದೆ, ವೆಂಗಿಯಿಂದ ಪುಲಿಗೆರೆಗೆ ಬಂದ ದಾರಿಯನ್ನೂ ಹೇಳುವುದು ಯುಕ್ತವಾದುದು.