ಎರಡು ಚಿತ್ರಗಳಲ್ಲಿ ಸುಳ್ಳಿನ ದಾರಿ

ಬ್ರಿಟನ್ನಿನ ಎರಡು ಹಳೆಯ ಚಿತ್ರಗಳು ಕಿರುತೆರೆಯ ಮೇಲೆ ಒಂದರ ಬೆನ್ನಿಗೊಂದು ಬಂದಾಗ, ಬಿಡಿಯಾಗಿ ಕಾಣದ ನೀತಿಯ ಎಳೆಯೊಂದು ಗೋಚರಿಸುತ್ತದೆ.

ಡೇವಿಡ್ ಲೀನ್‌ರ ‘ಬ್ರೀಫ್ ಎನ್‌ಕೌಂಟರ್’ (1945) ಚಿತ್ರದ ಗೃಹಿಣಿ ಲಾರಾ, ರೈಲು ನಿಲ್ದಾಣದಲ್ಲಿ ಪರಿಚಯವಾದ ವೈದ್ಯನಿಗೆ ಮನಸೋಲುತ್ತಾಳೆ. ನಂಬಿದ ಪತಿಗೆ ಸುಳ್ಳಾಡುವುದು ಎಷ್ಟು ಸುಲಭವೆಂಬ ಅರಿವೇ ಅವಳನ್ನು ಕುಗ್ಗಿಸುತ್ತದೆ. ಇಲ್ಲಿ ರಾಖ್ಮನಿನಾಫ್‌ರ ಸಂಗೀತ ಭಾವವನ್ನು ತುಸು ಅತಿಯಾಗಿಯೇ ಒತ್ತುತ್ತದೆ. ಸೀಲಿಯಾ ಜಾನ್ಸನ್‌ರ ಕಣ್ಣುಗಳೇ ಸಾಕಿದ್ದವು.

ಕ್ಯಾರಲ್ ರೀಡ್‌ರ ‘ದಿ ಫಾಲನ್ ಐಡಲ್’ (1948) ಹೆಚ್ಚು ಸಂಯಮದ ಕೃತಿ. ರಾಯಭಾರ ಕಚೇರಿಯ ಬಟ್ಲರ್ ಬೇನ್ಸ್‌ನನ್ನು ಆರಾಧಿಸುವ ಬಾಲಕ ಫಿಲಿಪ್, ಅವನನ್ನುಳಿಸಲು ಪೊಲೀಸರಿಗೆ ಸುಳ್ಳಾಡುತ್ತಾನೆ. ಅದರಿಂದಲೇ ನಿರಪರಾಧಿಯ ಮೇಲಿನ ಸಂಶಯ ಬಲಿಯುತ್ತದೆ. ಕೊನೆಗೆ ನಿಜ ನುಡಿಯಹೊರಟರೆ ಕೇಳುವವರಿಲ್ಲ.

ಲಾರಾಳ ಸುಳ್ಳು ಅವಳನ್ನೇ ಸುಡುತ್ತದೆ. ಫಿಲಿಪ್‌ನ ಸುಳ್ಳು ಪ್ರೀತಿಪಾತ್ರನನ್ನು. ಆದರೆ ಮಗುವಿಗೆ ಗುಟ್ಟು ಬಚ್ಚಿಡಲು ಕಲಿಸಿದವರು ಹಿರಿಯರೇ ಎಂಬುದನ್ನು ಚಿತ್ರ ಮರೆಯಗೊಡುವುದಿಲ್ಲ.