ಒಂದಿಂಚಿನ ಸಂದು

ಯಾರಾದರೂ ‘ಹಳೆಮನೆಗೆ ಎರಡು ಕೋಣೆ ಹೊಂದಿಸಿದ್ದೇವೆ, ಬಂದು ನೋಡಿ’ ಎಂದು ಕರೆದರೆ ನಾನು ಮೊದಲು ಕೋಣೆ ನೋಡುವುದಿಲ್ಲ. ಹಳೆ ಗೋಡೆಯೂ ಹೊಸ ಗೋಡೆಯೂ ಸೇರುವ ಮೂಲೆಯನ್ನು ಹುಡುಕಿಕೊಂಡು ಹೋಗುತ್ತೇನೆ. ಟೈಲ್ಸು, ವಾರ್ಡ್‌ರೋಬು ತೋರಿಸಲು ಕಾದು ನಿಂತ ಮನೆಯವರಿಗೆ ಇದರಿಂದ ಬೇಸರವಾಗುತ್ತದೆ, ಗೊತ್ತು. ಆದರೆ ಆ ಮೂಲೆಯಲ್ಲಿ ಸೂರಿನಿಂದ ನೆಲದವರೆಗೆ ಕೂದಲೆಳೆಯಂಥ ಬಿರುಕು ಇಳಿದಿದ್ದರೆ, ಕೆಲಸ ಎಷ್ಟು ಅವಸರದಲ್ಲಿ ನಡೆದಿದೆ ಎಂದು ತಿಳಿದುಹೋಗುತ್ತದೆ.

ನಮ್ಮ ಮಲೆನಾಡಿನ ಮನೆಗಳ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಎಂಬತ್ತು ಮಳೆಗಾಲ ಕಂಡು, ಕೂರಬೇಕಾದಷ್ಟು ಕೂತಾಗಿದೆ. ಪಕ್ಕದಲ್ಲಿ ಏಳುವ ಜಂಬಿಟ್ಟಿಗೆ ಗೋಡೆ ಇನ್ನು ಮೇಲೆ ಕೂರಬೇಕು. ಎರಡನ್ನೂ ಒಂದಕ್ಕೊಂದು ಕಚ್ಚಿಸಿ ಕಟ್ಟಿದರೆ ಹೊಸದು ಇಳಿಯುವಾಗ ಹಳೆಯದನ್ನೂ ಎಳೆಯುತ್ತದೆ. ಹದಿನೈದು ವರ್ಷದ ಹಿಂದೆ ನನ್ನ ಮನೆಗೆ ಬಚ್ಚಲು ಸೇರಿಸುವಾಗ ಈ ತಪ್ಪನ್ನು ನಾನೇ ಮಾಡಿಸಿದ್ದೆ. ಸಾಲದ್ದಕ್ಕೆ ಹಳೆ ಮಣ್ಣಿನ ಗೋಡೆಗೂ ಚಂದ ಕಾಣಲೆಂದು ಸಿಮೆಂಟು ಗಾರೆ ಬಳಿಸಿದೆ. ಮಣ್ಣು ಹೀರಿದ ನೀರು ಆರಿಹೋಗಲು ದಾರಿಯಿಲ್ಲದೆ ಒಳಗೇ ಉಳಿಯಿತು. ಮೂರನೇ ಮಳೆಗಾಲಕ್ಕೆ ಗಾರೆ ಹಪ್ಪಳದ ಹಾಗೆ ಎದ್ದು ಬಂತು. ಅಂಥ ಗೋಡೆಗೆ ಸುಣ್ಣದ ಗಾರೆಯೇ ಸರಿ. ಮೇಸ್ತ್ರಿ ಅವತ್ತೇ ಹೇಳಿದ್ದರು, ನಾನು ಕೇಳಲಿಲ್ಲ.

ಹೋದ ವರ್ಷ ಊರಮನೆಯಲ್ಲಿ ನಾಲ್ಕು ತಲೆಮಾರಿಗೆ ಜಾಗ ಮಾಡುವ ಪ್ರಸಂಗ ಬಂತು. ಅಮ್ಮನಿಗೆ ಎಂಬತ್ತೆರಡು. ತಮ್ಮ, ಅವನ ಹೆಂಡತಿ ತೋಟ ನೋಡಿಕೊಂಡು ಅಲ್ಲೇ ಇದ್ದಾರೆ. ಅವರ ಮಗ-ಸೊಸೆ ಕೂಸು ಎತ್ತಿಕೊಂಡು, ಲ್ಯಾಪ್‌ಟಾಪು ಹೊತ್ತುಕೊಂಡು ಬೆಂಗಳೂರಿನಿಂದ ವಾಪಸ್ಸಾದರು. ಪೇಟೆಯಿಂದ ಬಂದ ಎಂಜಿನಿಯರ್ ಒಬ್ಬರು ಮಾಡು ತೆಗೆದು ಮೇಲೊಂದು ಅಂತಸ್ತು ಎಬ್ಬಿಸೋಣ ಎಂದರು. ಮಣ್ಣಿನ ಗೋಡೆಯ ತಲೆಯ ಮೇಲೆ ಕಾಂಕ್ರೀಟು! ಅವರಿಗೆ ಚಹಾ ಕೊಟ್ಟು ಕಳಿಸಿದೆವು.

ಹಳೆಮನೆಗೆ ಆತುಕೊಳ್ಳದೆ, ಮಗ್ಗುಲಲ್ಲಿ ಇನ್ನೊಂದು ಪುಟ್ಟ ಮನೆ. ನಡುವೆ ಒಂದು ಓಣಿ. ಇದು ನನ್ನ ಹಟವಾಗಿತ್ತು. ಸಾಮಾನ್ಯವಾಗಿ ಎಲ್ಲರೂ ಹಳೆ ಮಾಡಿಗೆ ಹೊಸ ಮಾಡನ್ನು ಅಡ್ಡ ಕೂರಿಸಿ, ಎರಡರ ನಡುವಿನ ಕಣಿವೆಗೆ ತಗಡಿನ ದೋಣಿ ಇಡಿಸುತ್ತಾರೆ. ಆ ದೋಣಿಯಲ್ಲಿ ತರಗೆಲೆ ಕಟ್ಟಿಕೊಂಡಿತೆಂದರೆ ನೀರು ಉಕ್ಕಿ ನೇರ ಹಾಸಿಗೆಗೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಅದು ಪ್ರತಿವರ್ಷದ ಗೋಳು. ಹಳೆ ಮಾಡಿನ ನೀರು ಇಳಿಯದ ಪಕ್ಕ ನೋಡಿ ಓಣಿ ಹೊರಡಿಸಿದರೆ ಕಣಿವೆಯೇ ಬೇಡ. ಓಣಿಯ ಗೋಡೆ ಹಳೆ ಗೋಡೆಯನ್ನು ಮುಟ್ಟುವುದಿಲ್ಲ. ಒಂದಿಂಚು ಸಂದು ಬಿಟ್ಟು, ತೆಂಗಿನ ನಾರು ತುಂಬಿ, ಮೇಲೊಂದು ಹಲಸಿನ ಪಟ್ಟಿ. ಆ ಪಟ್ಟಿಗೆ ಮೊಳೆ ಒಂದೇ ಬದಿಗೆ. ಎರಡೂ ಬದಿಗೆ ಹೊಡೆದರೆ ಸಂದು ಬಿಟ್ಟು ಬಂದ ಭಾಗ್ಯವೇನು? ಪಂಚಾಂಗ ತೋಡುವಾಗಲೂ ಅಷ್ಟೇ: ಹಳೆಯದರ ಬುಡದಿಂದ ದೂರ ಸರಿದು, ಅದಕ್ಕಿಂತ ಆಳಕ್ಕೆ ಇಳಿಯದೆ ತೋಡಿಸಿದೆವು.

ಹೆಂಚಿನದು ಇನ್ನೊಂದು ಕಥೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಂಪನಿಗಳು ಹೆಂಚು ಸುಟ್ಟವು. ಒಬ್ಬರ ಹೆಂಚಿನ ಗಾಡಿ ಇನ್ನೊಬ್ಬರದಕ್ಕೆ ಕೂರುವುದಿಲ್ಲ. ಹಳೆಯ ಮಾಡಿನಲ್ಲಿ ಹೊಸ ಹೆಂಚು ಬೆರೆಸಿದಿರೋ, ಗಾಳಿಮಳೆಗೆ ಎರಚಲು ಒಳಗೆ. ಸೌದೆ ಕೊಟ್ಟಿಗೆಗೆ ತಗಡು ಹೊದೆಸಿ, ಅದರ ಹಳೆ ಹೆಂಚನ್ನೆಲ್ಲ ದೊಡ್ಡ ಮನೆಯ ರಿಪೇರಿಗೆಂದು ಅಟ್ಟಕ್ಕೇರಿಸಿದೆವು. ಹೊಸ ಭಾಗಕ್ಕೆ ಪೂರ್ತಿ ಹೊಸದೇ.

ಅಮ್ಮನ ಕೋಣೆ ಹೊಸ ಭಾಗದಲ್ಲಿ, ಹಳೆಮನೆಯ ನೆಲದ ಮಟ್ಟಕ್ಕೇ. ಇಳಿಜಾರು ಮಾಡಬಹುದಿತ್ತಲ್ಲ ಎಂದವರಿದ್ದಾರೆ. ಗಾಲಿಕುರ್ಚಿಗೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಒಂದೂವರೆ ಅಡಿಯ ಪಂಚಾಂಗಕ್ಕೆ 18 ಅಡಿ. ಅಂಗಳದ ಅರ್ಧ ಅದಕ್ಕೇ ಹೋಗುತ್ತಿತ್ತು. ಹಿತ್ತಲಿನ ದರೆಯ ಕಡೆ ನೆಲ ತಾನಾಗಿ ಎತ್ತರವಿರುವುದರಿಂದ ಈಗ ಕಾರು ಅವಳ ಬಾಗಿಲಿಗೇ ಬರುತ್ತದೆ. ಪಾಯಖಾನೆಯ ಬಾಗಿಲು ಹೊರಕ್ಕೆ ತೆರೆಯುವ ಹಾಗೆ ಇಡಿಸಿದೆ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಗುಳಿ. ಅಮ್ಮನಿಗೆ ಇದ್ಯಾವುದೂ ಬೇಕಿರಲಿಲ್ಲ. ‘ಮಲಗಿದಲ್ಲಿಂದ ಅಂಗಳ ಕಾಣ್ಬೇಕು ಮಾರಾಯ, ಯಾರು ಬಂದ್ರು ಯಾರು ಹೋದ್ರು ತಿಳೀದಿದ್ರೆ ಹೆಂಗೆ?’ ಎಂದಳು. ಕಿಟಕಿ ನೆಲದಿಂದ ಎರಡೇ ಅಡಿಗೆ ಇಳಿಯಿತು. ಇಡೀ ಕಟ್ಟಡದಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ, ನಾನು ಯೋಚಿಸಿದ್ದಲ್ಲದಿದ್ದರೂ.

ನಿಜವಾದ ಬಿಕ್ಕಟ್ಟು ಒಲೆಯದು. ನಮ್ಮ ಕಡೆ ಒಂದು ಮನೆಯಲ್ಲಿ ಎರಡು ಒಲೆ ಹೊತ್ತಿದರೆ ಹಿಸ್ಸೆಯಾಯಿತೆಂದೇ ಲೆಕ್ಕ. ಆದರೆ ರಾತ್ರಿ ಹನ್ನೊಂದಕ್ಕೆ ಅಮೆರಿಕದವರ ಜೊತೆ ಮೀಟಿಂಗ್ ಮುಗಿಸುವ ಹುಡುಗಿ ಕಾಫಿಗೆಂದು ಅತ್ತೆಯ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುವುದು ಹೇಗೆ? ತಮ್ಮನ ಹೆಂಡತಿ ವಾರವಿಡೀ ಮಾತಾಡಲಿಲ್ಲ. ಕೊನೆಗೆ ಓಣಿಯಲ್ಲೇ ಒಂದು ಕಡಪಾ ಕಲ್ಲು, ಸಿಂಕು, ಒಂದು ಇಂಡಕ್ಷನ್ ಒಲೆ ಕೂತವು. ಅದಕ್ಕೆ ಅಡುಗೆಮನೆ ಎನ್ನಬಾರದು, ‘ಕಾಫಿ ಕಟ್ಟೆ’ ಎನ್ನಬೇಕು ಎಂಬ ಒಪ್ಪಂದವಾಯಿತು. ಬೆಂಕಿ ಕಾಣದ ಒಲೆ ಒಲೆಯಲ್ಲವೆಂದು ಅಮ್ಮ ತೀರ್ಪು ಕೊಟ್ಟಳು. ಈಗ ಮಧ್ಯಾಹ್ನ ಮೂರಕ್ಕೆ ಅತ್ತೆಯೂ ಅಲ್ಲೇ ಸಿಗುತ್ತಾಳೆ.

ಈ ಸಲದ ಮೊದಲ ದೊಡ್ಡ ಮಳೆಗೆ ಬೇಕೆಂದೇ ಊರಿಗೆ ಹೋಗಿದ್ದೆ. ನಡುರಾತ್ರಿ ಎದ್ದು, ಬ್ಯಾಟರಿ ಹಿಡಿದು ಆ ಸಂದಿನ ಬುಡದಲ್ಲಿ ಅರ್ಧ ಗಂಟೆ ಕೂತೆ. ಹಲಸಿನ ಪಟ್ಟಿ ಒಣಗಿತ್ತು, ನೆಲ ಒಣಗಿತ್ತು. ಬೀಗುತ್ತ ಮಲಗಲು ಹೊರಟವನ ಕಿವಿಗೆ ಟಪ್ ಟಪ್ ಎಂಬ ಸದ್ದು ಬಿತ್ತು. ದೇವರ ಕೋಣೆ. ಹಗಲು ಮಂಗ ಹಾರಿ ಹಳೆ ಮಾಡಿನದೇ ಒಂದು ಹೆಂಚು ಒಡೆದಿತ್ತು. ಅಡಿಗೆ ಹರಿವಾಣ ಇಟ್ಟು, ಬದಲಿ ಹೆಂಚು ತರಲು ಅಟ್ಟ ಹತ್ತಿದೆ.